ಮಲಗುವ ಹೊತ್ತಿನ ಕಥೆ: ಐದು ತಿಂಗಳ ಮಗುವಿಗೆ ಈಗಲೇ ಓದಬೇಕೆ?

ಪ್ರಶ್ನೆ: ಹೊಸ ಅಪ್ಪ

ನಮ್ಮ ಮಗಳಿಗೆ ಮೊನ್ನೆ ಐದು ತಿಂಗಳು ತುಂಬಿತು. ರಾತ್ರಿ ಮಲಗಿಸುವ ಮುನ್ನ ಒಂದು ಕಥೆಯನ್ನು ನಾನೇ ಓದಿ ಹೇಳಬೇಕೆಂದು ಅವಳು ಹುಟ್ಟುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವಳು ಇನ್ನೂ ಮಲಗಿರುತ್ತಾಳೆ, ಹಿಂದಿರುಗುವಾಗ ಸಂಜೆ ಕಳೆದಿರುತ್ತದೆ. ಹಾಗಾಗಿ ಅವಳೊಂದಿಗೆ ನನಗೆ ದಕ್ಕುವುದು ಮಲಗುವ ಮುಂಚಿನ ಆ ಅರ್ಧ ಗಂಟೆ ಮಾತ್ರ. ಮೂರು ವಾರಗಳಿಂದ ಒಂದು ದಿನವೂ ತಪ್ಪಿಸದೆ ಓದುತ್ತಿದ್ದೇನೆ. ಆದರೆ ಮೊದಲ ಪುಟ ಮುಗಿಯುವಷ್ಟರಲ್ಲಿ ಪುಸ್ತಕದ ಮೂಲೆ ಅವಳ ಬಾಯಿಯಲ್ಲಿರುತ್ತದೆ. ಎರಡನೆಯ ಪುಟಕ್ಕೆ ಬರುವಾಗ ಮುಖ ತಿರುಗಿಸಿ ದೀಪವನ್ನೋ ಕಿಟಕಿಯ ಪರದೆಯನ್ನೋ ನೋಡತೊಡಗುತ್ತಾಳೆ. ಮೂರನೆಯ ಪುಟಕ್ಕೆ ಅಳು ಶುರುವಾಗುತ್ತದೆ. ನನ್ನ ಹೆಂಡತಿ ಬಂದು ಅವಳನ್ನು ಎತ್ತಿಕೊಂಡ ಮೇಲೆ ನಾನು ಪುಸ್ತಕ ಮುಚ್ಚಿ ಹೊರಗೆ ಬರುತ್ತೇನೆ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಗಟ್ಟಿಯಾಗಿ ಓದುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ತರಗತಿಯಲ್ಲಿ ಎದ್ದು ನಿಂತು ಪಾಠ ಓದಬೇಕಾದಾಗ ಒತ್ತಕ್ಷರಗಳು ಒತ್ತೊತ್ತಾಗಿ ಬಂದಲ್ಲೆಲ್ಲ ತಡವರಿಸುತ್ತಿದ್ದೆ. ಈಗ ಆ ಕೋಣೆಯಲ್ಲಿ ಮಗುವಿನ ಹೊರತು ಯಾರೂ ಇಲ್ಲದಿದ್ದರೂ ಅದೇ ಹಳೆಯ ಗಂಟು ಗಂಟಲಿಗೆ ಬರುತ್ತದೆ. ನಾನು ಎಡವಿ ಎಡವಿ ಓದುವುದನ್ನು ಕೇಳುತ್ತ ಬೆಳೆದರೆ ಮಗುವಿನ ಮಾತಿಗೆ ಏನಾದರೂ ತೊಂದರೆಯಾದೀತೇ ಎಂಬ ಭಯ ನನಗಿದೆ. ಇದರ ಜೊತೆಗೆ, ಕಡಿಮೆ ಮಾತು ಕೇಳಿ ಬೆಳೆದ ಮಕ್ಕಳು ನಾಲ್ಕು ವರ್ಷ ತುಂಬುವಷ್ಟರಲ್ಲಿ ಬೇರೆ ಮಕ್ಕಳಿಗಿಂತ ಮೂರು ಕೋಟಿ ಪದಗಳಷ್ಟು ಹಿಂದೆ ಬೀಳುತ್ತಾರೆ ಎಂದು ಎಲ್ಲೋ ಓದಿದಂದಿನಿಂದ ನೆಮ್ಮದಿಯೂ ಹೋಗಿದೆ.

ಮೂರನೆಯದು ಹೊತ್ತಿನ ಲೆಕ್ಕ. ತಾಯಿಯ ಹಾಲು ಕುಡಿಯುತ್ತಲೇ ಅವಳು ನಿದ್ದೆಗೆ ಜಾರುತ್ತಾಳೆ. ಹಾಲಿನ ನಂತರ ಓದಿದರೆ ಎಚ್ಚರಗೊಳ್ಳುತ್ತಾಳೆ, ಮೊದಲು ಓದಿದರೆ ಹಸಿವಿನಿಂದ ಕೂಗುತ್ತಾಳೆ. ಈ ಓದನ್ನು ಮುಂದುವರಿಸಬೇಕೆ, ಅಥವಾ ಒಂದು ವರ್ಷವಾಗುವವರೆಗೆ ಕಾಯುವುದು ಒಳ್ಳೆಯದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಇಬ್ಬರು ಮಕ್ಕಳ ತಾಯಿ

ನಿಮ್ಮ ಮಗಳು ಮೂರನೆಯ ಪುಟದವರೆಗೆ ಬರುತ್ತಾಳೆ ಎಂಬುದನ್ನು ಓದಿ ನನಗೆ ಸಂತೋಷವಾಯಿತು. ಆ ವಯಸ್ಸಿಗೆ ಅದು ಸಣ್ಣ ವಿಷಯವಲ್ಲ.

ಪುಸ್ತಕವನ್ನು ಬಾಯಿಗೆ ಹಾಕಿಕೊಳ್ಳುವುದನ್ನು ತಡೆಯಬೇಡಿ. ಐದು ತಿಂಗಳ ಮಗು ಯಾವ ವಸ್ತುವನ್ನಾದರೂ ಅರಿಯುವುದು ಬಾಯಿಯಿಂದಲೇ. ದಪ್ಪ ರಟ್ಟಿನ ಪುಸ್ತಕಗಳೂ ಬಟ್ಟೆಯ ಪುಸ್ತಕಗಳೂ ಇರುವುದೇ ಇದಕ್ಕಾಗಿ. ನಾನು ಎರಡು ಪುಸ್ತಕ ಇಟ್ಟುಕೊಳ್ಳುತ್ತಿದ್ದೆ: ಒಂದು ಮಗುವಿನ ಕೈಗೆ, ಇನ್ನೊಂದು ನನ್ನ ಕೈಗೆ. ಅದು ತನ್ನದನ್ನು ಜಗಿಯುತ್ತಿರುವಾಗ ನಾನು ನನ್ನದನ್ನು ಓದುತ್ತಿದ್ದೆ.

ಮುಖ ತಿರುಗಿಸುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೊದಲ ಮಗುವಿನಲ್ಲಿ ನಾನು ತಪ್ಪಿದ್ದು ಇಲ್ಲಿಯೇ. ಅವನು ಮುಖ ತಿರುಗಿಸಿದಾಗಲೆಲ್ಲ ನಾನು ಪುಸ್ತಕವನ್ನು ಅವನು ನೋಡುತ್ತಿದ್ದ ಕಡೆಗೇ ಒಯ್ದು ಹಿಡಿಯುತ್ತಿದ್ದೆ, ದನಿಯನ್ನೂ ಏರಿಸುತ್ತಿದ್ದೆ. ಹಿಡಿದ ಪುಸ್ತಕವನ್ನು ಕೊನೆಯವರೆಗೆ ಓದಿಯೇ ತೀರಬೇಕೆಂಬ ಹಠ ನನ್ನದಾಗಿತ್ತು. ಕೆಲವು ವಾರಗಳಲ್ಲಿ ಅವನು ಪುಸ್ತಕ ಕಂಡೊಡನೆ ಬೆನ್ನು ಬಾಗಿಸಿ ಅಳುವಂತಾದ. ಚಿಕ್ಕ ಮಗುವಿಗೆ 'ಸಾಕು' ಎಂದು ಹೇಳಲು ಬೇರೆ ದಾರಿಯಿಲ್ಲ. ಮುಖ ತಿರುಗಿಸುವುದು, ಕಣ್ಣುಜ್ಜುವುದು, ಬೆನ್ನು ಸೆಟೆಸುವುದು ಇವೇ ಅದರ ಮಾತುಗಳು. ಒಂದೊಂದು ಸಲ ಅದು ಅರ್ಧ ನಿಮಿಷದ ಬಿಡುವನ್ನಷ್ಟೇ ಕೇಳುತ್ತಿರುತ್ತದೆ. ಎರಡನೆಯ ಮಗಳಿಗೆ ಓದುವಾಗ, ಅವಳು ಮುಖ ತಿರುಗಿಸಿದರೆ ನಾನು ಸುಮ್ಮನೆ ಕಾಯುತ್ತಿದ್ದೆ. ಮರಳಿ ನೋಡಿದರೆ ಓದು ಮುಂದುವರಿಯುತ್ತಿತ್ತು, ನೋಡದಿದ್ದರೆ ಆ ರಾತ್ರಿಗೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಎರಡು ನಿಮಿಷದ ಓದೂ ಓದೇ. ಕಥೆ ಪೂರ್ತಿಯಾಗಬೇಕೆಂಬ ಆಸೆ ದೊಡ್ಡವರದು. ಆ ವಯಸ್ಸಿನ ಮಗುವಿಗೆ ಕಥೆಯ ಆದಿ ಅಂತ್ಯಗಳು ಇನ್ನೂ ಗೊತ್ತಿಲ್ಲ.

ಹೊತ್ತಿನ ಬಗ್ಗೆ ನನ್ನ ಸಲಹೆ ಇಷ್ಟೇ: ಕೊನೆಯ ಹಾಲಿಗೆ ಇಪ್ಪತ್ತು ನಿಮಿಷ ಮೊದಲು, ಹಸಿವು ಇನ್ನೂ ಕೆರಳದಿರುವಾಗ ಓದಿ. ಮೈ ಒರೆಸಿ ರಾತ್ರಿಯ ಬಟ್ಟೆ ತೊಡಿಸಿದ ಕೂಡಲೇ ಓದು, ಆಮೇಲೆ ಹಾಲು, ಆಮೇಲೆ ನಿದ್ದೆ. ಆಗ ನೀವು ನಿಮ್ಮ ಕೆಲಸ ಮುಗಿಸಿ ಮಗುವನ್ನು ತಾಯಿಯ ಕೈಗೆ ಕೊಡುತ್ತೀರಿ. ಅಳುವ ಮಗುವನ್ನು ಅವರು ಬಂದು ಬಿಡಿಸಿಕೊಂಡು ಹೋಗುವ ಸಂದರ್ಭವೇ ಬರುವುದಿಲ್ಲ. ಆ ವ್ಯತ್ಯಾಸ ನಿಮ್ಮ ಮನಸ್ಸಿಗೂ ಒಳ್ಳೆಯದು.

ಉತ್ತರ: ಭಾಷಾಕಲಿಕೆಯ ಅಧ್ಯಾಪಕಿ

ಮಗುವಿಗೆ ಅರ್ಥವಾಗುವುದಿಲ್ಲ ಎಂಬ ಕಾರಣಕ್ಕೆ ಒಂದು ವರ್ಷ ಕಾಯಬೇಕಿಲ್ಲ. ಅರ್ಥ ಹುಟ್ಟುವುದಕ್ಕೆ ಬಹಳ ಮೊದಲೇ ಭಾಷೆಯ ಕೆಲಸ ಮಗುವಿನಲ್ಲಿ ನಡೆಯುತ್ತಿರುತ್ತದೆ. ಆಂಥೋನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿನ ಕೊನೆಯ ಆರು ವಾರಗಳಲ್ಲಿ ತಾಯಂದಿರು ಒಂದು ಮಕ್ಕಳ ಕಥೆಯ ಭಾಗವನ್ನು ದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಆ ಶಿಶುಗಳ ಬಾಯಿಗೆ ಹಾಲಿಲ್ಲದ ತೊಟ್ಟನ್ನಿಟ್ಟು, ಅವು ಚೀಪುವ ಲಯ ಬದಲಾದಂತೆ ಬೇರೆ ಬೇರೆ ಧ್ವನಿಮುದ್ರಣಗಳು ಕೇಳಿಸುವಂತೆ ಮಾಡಿದಾಗ, ಬೇರೊಬ್ಬ ಹೆಂಗಸು ಓದಿದ್ದರೂ ಸಹ ಅವು ಗರ್ಭದಲ್ಲಿ ಕೇಳಿದ್ದ ಕಥೆಯನ್ನೇ ಮತ್ತೆ ಕೇಳಿಸಿಕೊಳ್ಳುವ ರೀತಿಯಲ್ಲಿ ಚೀಪಿದವು. ಅವುಗಳಿಗೆ ಒಂದು ಪದದ ಅರ್ಥವೂ ತಿಳಿದಿರಲಿಲ್ಲ. ನೆನಪಿನಲ್ಲಿ ಉಳಿದದ್ದು ವಾಕ್ಯಗಳ ಏರಿಳಿತ.

ನಿಮ್ಮ ಮಗಳ ವಯಸ್ಸಿನ ಬಗ್ಗೆ ಇನ್ನೂ ಸ್ಪಷ್ಟವಾದ ಸಂಗತಿಯೊಂದಿದೆ. ನಮ್ಮ ಭಾಷೆಯಲ್ಲಿ 'ತ' ಬೇರೆ, 'ಟ' ಬೇರೆ. 'ಕತ್ತು' ಮತ್ತು 'ಕಟ್ಟು' ಎಂಬ ಪದಗಳನ್ನು ಬೇರೆ ಮಾಡುವುದು ನಾಲಗೆಯ ತುದಿ ತಾಗುವ ಸ್ಥಳವೊಂದೇ. ಇಂಗ್ಲಿಷ್ ಮಾತ್ರ ಬಲ್ಲ ವಯಸ್ಕರಿಗೆ ಈ ವ್ಯತ್ಯಾಸವನ್ನು ಕಿವಿಯಿಂದ ಹಿಡಿಯುವುದು ಬಹಳ ಕಷ್ಟ. ಆದರೆ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು 1984ರಲ್ಲಿ ತೋರಿಸಿದ ಪ್ರಕಾರ, ಇಂಗ್ಲಿಷ್ ಮನೆಯ ಮಕ್ಕಳು ಆರರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಹಿಂದಿಯ ಇದೇ ತ–ಟ ವ್ಯತ್ಯಾಸವನ್ನು ಗುರುತಿಸುತ್ತಾರೆ, ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಪಾಲು ಕಳೆದುಕೊಳ್ಳುತ್ತಾರೆ. ಎಂದರೆ, ಸುತ್ತಲೂ ಕೇಳಿಬರುವ ಭಾಷೆಗೆ ಮಗುವಿನ ಕಿವಿ ಹೊಂದಿಕೊಳ್ಳುವುದು ಮೊದಲ ವರ್ಷದ ಉತ್ತರಾರ್ಧದಲ್ಲಿ. ನಿಮ್ಮ ಮಗಳು ಆ ಹೊಸ್ತಿಲಿನಲ್ಲಿದ್ದಾಳೆ. ಪದಗಳ ವಿಷಯದಲ್ಲಿಯೂ ನಾವು ಊಹಿಸುವುದಕ್ಕಿಂತ ಬೇಗ ಅರಿವು ಮೂಡುತ್ತದೆ: ಆರರಿಂದ ಒಂಬತ್ತು ತಿಂಗಳ ಮಕ್ಕಳು ದಿನಬಳಕೆಯ ಕೆಲವು ತಿನಿಸುಗಳ ಮತ್ತು ಅಂಗಗಳ ಹೆಸರು ಕೇಳಿದಾಗ ಸರಿಯಾದ ಚಿತ್ರದತ್ತ ಹೆಚ್ಚು ಹೊತ್ತು ನೋಡುತ್ತಾರೆ ಎಂಬುದನ್ನು ಎಲಿಕಾ ಬರ್ಗಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ವರದಿ ಮಾಡಿದರು.

ಈಗ ನಿಮ್ಮ ತಡವರಿಕೆಯ ವಿಷಯ. ನೀವು ಎಡವಿ ಓದುವುದರಿಂದ ಮಗುವಿನ ಮಾತು ಕೆಡುವುದಿಲ್ಲ. ಮಗು ಭಾಷೆಯನ್ನು ಕಲಿಯುವುದು ಒಬ್ಬರ ಒಂದು ಓದಿನಿಂದಲ್ಲ. ದಿನವಿಡೀ ತನ್ನ ಸುತ್ತ ನಡೆಯುವ ಮಾತಿನಿಂದ, ಹಲವರ ದನಿಗಳಿಂದ. ಆ ಮಾತಿನಲ್ಲಿ ನಿಲುಗಡೆ, ಪುನರುಕ್ತಿ, ಅರ್ಧಕ್ಕೆ ಬಿಟ್ಟ ವಾಕ್ಯ ಎಲ್ಲವೂ ಇರುತ್ತವೆ. ಇನ್ನು, ನಿರರ್ಗಳವಾಗಿ ಓದುವವರು ಮಗುವಿನ ಮುಂದೆ ಮಾಡಬಹುದಾದ ತಪ್ಪೊಂದನ್ನು ನೀವು ಮಾಡಲಾರಿರಿ: ಅವರು ವೇಗವಾಗಿ ಓದಿಬಿಡುತ್ತಾರೆ. ಶಿಶುಗಳು ಇಷ್ಟಪಟ್ಟು ಕೇಳುವುದು ನಿಧಾನವಾದ, ಏರಿಳಿತ ಹೆಚ್ಚಿರುವ, ನಡುನಡುವೆ ಬಿಡುವಿರುವ ಮಾತನ್ನು. ಒತ್ತಕ್ಷರದ ಮುಂದೆ ನೀವು ನಿಂತರೆ ಹೆದರದೆ ನಿಲ್ಲಿ, ಮಗುವಿನ ಮುಖ ನೋಡಿ, ಆ ಪದವನ್ನು ಬಿಡಿಸಿ ಹೇಳಿ ಮುಂದಕ್ಕೆ ಹೋಗಿ. ಕಷ್ಟವೆನಿಸಿದರೆ ಒಂದು ಸಾಲಿಗೆ ಮೂರು ನಾಲ್ಕು ಪದಗಳಿರುವ ಪುಸ್ತಕವನ್ನೇ ಆರಿಸಿಕೊಂಡು ಅದನ್ನೇ ಪ್ರತಿ ರಾತ್ರಿ ಓದಿ. ಒಂದು ವಾರದಲ್ಲಿ ಅದು ನಿಮಗೆ ಬಾಯಿಪಾಠವಾಗುತ್ತದೆ. ಮಗುವಿಗೂ ಅದರಿಂದ ನಷ್ಟವಿಲ್ಲ: ಮೂರು ವರ್ಷದ ಮಕ್ಕಳಿಗೆ ಹೊಸ ಪದಗಳಿರುವ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದಾಗ, ಅವೇ ಪದಗಳನ್ನು ಅಷ್ಟೇ ಸಲ ಬೇರೆ ಬೇರೆ ಕಥೆಗಳಲ್ಲಿ ಕೇಳಿದ ಮಕ್ಕಳಿಗಿಂತ ಅವರು ಅವನ್ನು ಚೆನ್ನಾಗಿ ಕಲಿತರು ಎಂದು ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಕಂಡುಕೊಂಡಿದ್ದಾರೆ.

ಮೂರು ಕೋಟಿ ಪದಗಳ ಲೆಕ್ಕ ನಿಮ್ಮ ನೆಮ್ಮದಿ ಕೆಡಿಸಿರುವುದು ನನಗೆ ಬೇಸರದ ಸಂಗತಿ. ಅದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅವರ 1995ರ ಪುಸ್ತಕದಿಂದ ಬಂದದ್ದು. ಅವರು ಗಮನಿಸಿದ್ದು 42 ಕುಟುಂಬಗಳನ್ನು, ತಿಂಗಳಿಗೆ ಒಂದು ಗಂಟೆಯಂತೆ. ಆ ದೊಡ್ಡ ಸಂಖ್ಯೆ ಆ ಗಂಟೆಗಳಿಂದ ಗುಣಿಸಿ ಪಡೆದ ಅಂದಾಜು. ಆಮೇಲಿನ ಸಂಶೋಧಕರಲ್ಲಿ ಹಲವರು ಅದನ್ನು ಪ್ರಶ್ನಿಸಿದ್ದಾರೆ. ನಿಮ್ಮಂತಹ ತಂದೆಗೆ ಆ ಸಂಖ್ಯೆಯಿಂದ ಮಾಡಬೇಕಾದ ಕೆಲಸವೇನೂ ಇಲ್ಲ. ಪದಗಳನ್ನು ಎಣಿಸುವುದನ್ನು ಬಿಟ್ಟು, ಮಗಳು 'ಊ' ಎಂದಾಗ ಓದು ನಿಲ್ಲಿಸಿ ನೀವೂ 'ಊ' ಎನ್ನಿ.

ಉತ್ತರ: ಮೂರು ಮೊಮ್ಮಕ್ಕಳ ಅಜ್ಜ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಇಷ್ಟು ಎಳೆಯ ಮಗುವಿಗೆ ಪುಸ್ತಕ ಏಕೆ ಬೇಕು? ದೀಪ ಆರಿಸಿ, ಮಗುವಿನ ಬೆನ್ನ ಮೇಲೆ ಕೈಯಿಟ್ಟು, ಬಾಯಿಮಾತಿನಲ್ಲಿ ಕಥೆ ಹೇಳಿದರೆ ಸಾಲದೆ? ನನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ನಾನು ಹೇಳಿದ್ದು ಹೀಗೆಯೇ. ಬಾಯಿಕಥೆಯಲ್ಲಿ ಅಕ್ಷರಗಳಿಲ್ಲದ್ದರಿಂದ ಎಡವುವ ಭಯವಿಲ್ಲ, ಪುಟ ತಿರುಗಿಸಬೇಕಿಲ್ಲದ್ದರಿಂದ ಎರಡೂ ಕೈಗಳು ಮಗುವಿಗೇ ಮೀಸಲು. ಆ ದಿನ ನೀವು ಕಂಡದ್ದನ್ನೇ ಹೇಳಿ: ಬಸ್ಸು ತಡವಾಗಿ ಬಂದದ್ದು, ಮಳೆಯಲ್ಲಿ ನೆನೆದದ್ದು, ಬಾಗಿಲು ತೆರೆದಾಗ ಅವಳ ಮುಖ ಕಂಡದ್ದು. ಹಗಲೆಲ್ಲ ಅವಳಿಂದ ದೂರವಿದ್ದ ತಂದೆಯ ಬಳಿ ಹೇಳಲು ಕಥೆಗೆ ಬರವಿಲ್ಲ. ಪುಸ್ತಕ ತಾನಾಗಿ ಆಮೇಲೆ ಬರುತ್ತದೆ.

ಉತ್ತರ: ಭಾಷಾಕಲಿಕೆಯ ಅಧ್ಯಾಪಕಿ

ಅಜ್ಜನವರ ಮಾತಿನ ಮುಕ್ಕಾಲು ಪಾಲು ನನಗೆ ಒಪ್ಪಿಗೆ. ಕಥೆ ಹೇಳುವುದು ಓದುವುದಕ್ಕಿಂತ ಕೀಳು ಎಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಆದರೂ ಪುಸ್ತಕದ ಪರವಾಗಿ ಒಂದು ಮಾತು ಇದೆ. ಮಕ್ಕಳೊಂದಿಗೆ ಮಾತನಾಡುವಾಗ ನಾವು ಬಳಸುವ ಪದಗಳು ಹೆಚ್ಚಾಗಿ ಕೋಣೆಯೊಳಗಿನವು, ಆ ಕ್ಷಣದವು: ಬಾ, ತಗೋ, ಹಾಲು, ನಿದ್ದೆ. ಪುಸ್ತಕ ತೆರೆದ ಕೂಡಲೇ ಮನೆಯಲ್ಲಿ ಎಂದೂ ಆಡದ ತಿಮಿಂಗಿಲ, ಕಣಿವೆ, ಮಂಜು, ಮೆಲ್ಲಗೆ ಹೆಜ್ಜೆಯಿಡುವುದು ಎಲ್ಲವೂ ಬರುತ್ತವೆ. ಇಂಗ್ಲಿಷಿನ 100 ಚಿತ್ರಪುಸ್ತಕಗಳನ್ನು ಮಕ್ಕಳೊಂದಿಗಿನ ಸಾಮಾನ್ಯ ಮಾತುಕತೆಯ ದಾಖಲೆಗಳೊಂದಿಗೆ ಹೋಲಿಸಿದ 2015ರ ಅಧ್ಯಯನವೊಂದರಲ್ಲಿ, ಅಷ್ಟೇ ಉದ್ದದ ಮಾತಿಗಿಂತ ಪುಸ್ತಕದಲ್ಲಿ ಬೇರೆ ಬೇರೆ ಪದಗಳು ಹೆಚ್ಚಿದ್ದವು. ಹಾಗಾಗಿ ನನ್ನ ಮನೆಯಾಗಿದ್ದರೆ ದೀಪ ಇರುವಾಗ ಪುಸ್ತಕ, ದೀಪ ಆರಿದ ಮೇಲೆ ಅಜ್ಜನವರ ಬಾಯಿಕಥೆ.

ಎರಡಕ್ಕೂ ಬದಲಿಯಾಗಲಾರದ್ದು ಧ್ವನಿಮುದ್ರಿತ ಕಥೆ. ಪೆಟ್ರೀಶಿಯಾ ಕೂಲ್ ಅವರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಹನ್ನೆರಡು ಸಲ ಮ್ಯಾಂಡರಿನ್ ಭಾಷೆಯವರು ಎದುರಿಗೆ ಕುಳಿತು ಪುಸ್ತಕ ಓದಿ ಆಟವಾಡಿಸಿದಾಗ ಆ ಭಾಷೆಯ ಧ್ವನಿಗಳನ್ನು ಮಕ್ಕಳು ಕಲಿತರು. ಅದೇ ವಿಷಯವನ್ನು ಪರದೆಯ ಮೇಲೆ ತೋರಿಸಿದಾಗ ಅಥವಾ ಬರೀ ಕೇಳಿಸಿದಾಗ ಕಲಿಯಲಿಲ್ಲ. ತಡವರಿಸುತ್ತೇನೆಂದು ನಾಚಿ ಮೊಬೈಲಿನ ಕಥೆ ಹಾಕಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆದೆ.

ಉತ್ತರ: ಶಿಶು ವಿಭಾಗದ ಶುಶ್ರೂಷಕಿ

ಓದಿನ ಲಾಭಗಳ ಬಗ್ಗೆ ಸಾಕಷ್ಟು ಹೇಳಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2014ರಿಂದ ಶೈಶವದಲ್ಲೇ ಗಟ್ಟಿಯಾಗಿ ಓದಲು ಪೋಷಕರಿಗೆ ಸಲಹೆ ಕೊಡುತ್ತ ಬಂದಿದೆ. ನಾನು ಯಾರೂ ಮುಟ್ಟದ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ಅತ್ಯಂತ ಮುಖ್ಯ. ದಿನದ ದುಡಿಮೆಯಿಂದ ದಣಿದ ತಂದೆ ಅಥವಾ ತಾಯಿ ಮಗುವನ್ನು ಎದೆಗೊರಗಿಸಿಕೊಂಡು ಸೋಫಾದ ಮೇಲೋ ಮೆತ್ತನೆಯ ಕುರ್ಚಿಯಲ್ಲೋ ಓದುತ್ತ ತಾವೇ ನಿದ್ದೆಹೋಗುವುದು ಸಾಮಾನ್ಯ, ಮತ್ತು ಅದು ನಿಜವಾಗಿಯೂ ಅಪಾಯಕಾರಿ. ಮಗು ಜಾರಿ ಮೆತ್ತೆಗಳ ಸಂದಿನಲ್ಲಿ ಸಿಲುಕಿದರೆ ಉಸಿರು ಕಟ್ಟುತ್ತದೆ. ಕಣ್ಣು ಎಳೆಯುತ್ತಿದ್ದರೆ ಆ ರಾತ್ರಿ ಓದನ್ನು ಬಿಟ್ಟುಬಿಡಿ, ಅಥವಾ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಪಕ್ಕದಲ್ಲಿ ಕುಳಿತು ಓದಿ. ಓದಿದ ಮೇಲೆ ಬಟ್ಟೆಯ ಪುಸ್ತಕವನ್ನು ಮಗುವಿನ ಪಕ್ಕದಲ್ಲಿ ಬಿಡಬೇಡಿ. ಒಂದು ವರ್ಷದವರೆಗೆ ಮಲಗುವ ಜಾಗದಲ್ಲಿ ಮೆತ್ತನೆಯ ಯಾವ ವಸ್ತುವೂ ಇರಬಾರದು.

ಎರಡನೆಯದು ದೀಪ. ಅವಳು ಪುಸ್ತಕ ಬಿಟ್ಟು ದೀಪ ನೋಡುತ್ತಾಳೆ ಎಂದಿರಿ. ದೀಪ ಅವಳ ಕಣ್ಣಿಗೆ ನೇರವಾಗಿ ಬೀಳುವಂತಿದ್ದರೆ ಯಾವ ಚಿತ್ರವೂ ಅದರೊಡನೆ ಸ್ಪರ್ಧಿಸಲಾರದು. ಮಂದವಾದ ಹಳದಿ ದೀಪವನ್ನು ಅವಳ ಬೆನ್ನ ಹಿಂದೆ ಇಟ್ಟು, ಪುಸ್ತಕವನ್ನು ಮುಖದಿಂದ ಒಂದು ಗೇಣಿಗಿಂತ ತುಸು ದೂರದಲ್ಲಿ, ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ಹಿಡಿಯಿರಿ. ಪುಟಕ್ಕೊಂದೇ ದೊಡ್ಡ ಚಿತ್ರ, ಗಾಢವಾದ ಅಂಚುಗಳು ಇರುವ ಪುಸ್ತಕ ಈ ವಯಸ್ಸಿಗೆ ಚೆನ್ನು.

ಮೂರನೆಯದು ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಆ ನಿದ್ದೆಗೆ ಓದಿಗಿಂತಲೂ ಸಹಾಯಕವಾದದ್ದು ಪ್ರತಿ ರಾತ್ರಿಯೂ ಒಂದೇ ಅನುಕ್ರಮ. ಜೋಡಿ ಮಿಂಡೆಲ್ ಮತ್ತು ಸಂಗಡಿಗರ 2009ರ ಅಧ್ಯಯನದಲ್ಲಿ ಸ್ನಾನ, ಮೈ ತೀಡುವುದು, ಮುದ್ದಾಟ ಅಥವಾ ಜೋಗುಳ, ಆಮೇಲೆ ದೀಪ ಆರಿಸುವುದು ಎಂಬ ಕ್ರಮವನ್ನು ಎರಡು ವಾರ ಪಾಲಿಸಿದಾಗ ಮಕ್ಕಳು ಬೇಗ ನಿದ್ದೆಹೋದರು, ರಾತ್ರಿ ಏಳುವುದೂ ಕಡಿಮೆಯಾಯಿತು, ತಾಯಂದಿರ ಮನಸ್ಥಿತಿಯೂ ಸುಧಾರಿಸಿತು. ನಿಮ್ಮ ಕಥೆ ಆ ಮುದ್ದಾಟದ ಜಾಗದಲ್ಲಿ ಬರಲಿ.

ಕೊನೆಯದಾಗಿ, ಓದುವಾಗ ಒಂದು ವಿಷಯವನ್ನು ಗಮನಿಸುತ್ತಿರಿ. ಆರು ತಿಂಗಳ ಹೊತ್ತಿಗೆ ಮಗು ಪಕ್ಕದಿಂದ ಬಂದ ದನಿಯತ್ತ ತಿರುಗಬೇಕು, ಅನಿರೀಕ್ಷಿತ ಸದ್ದಿಗೆ ಬೆಚ್ಚಬೇಕು. ಹಾಗೆ ಆಗದಿದ್ದರೆ 'ಅವಳಿಗೆ ಕಥೆಯಲ್ಲಿ ಆಸಕ್ತಿಯಿಲ್ಲ' ಎಂದುಕೊಂಡು ಸುಮ್ಮನಿರದೆ ಶ್ರವಣ ಪರೀಕ್ಷೆ ಮಾಡಿಸಿ. ನಿಮ್ಮ ಬರಹದಲ್ಲಿ ಅಂತಹ ಸೂಚನೆಯೇನೂ ನನಗೆ ಕಾಣಲಿಲ್ಲ. ಎಲ್ಲ ತಂದೆತಾಯಿಯರಿಗೂ ಹೇಳುವುದನ್ನು ನಿಮಗೂ ಹೇಳಿದ್ದೇನೆ.

ಮರುಬರಹ: ಹೊಸ ಅಪ್ಪ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ದೀಪದ ಜಾಗ ಬದಲಾಯಿಸಿದ ಮೊದಲ ದಿನವೇ ಅರ್ಧ ಸಮಸ್ಯೆ ತೀರಿತು. ಓದು ಈಗ ಹಾಲಿಗೆ ಮೊದಲು ನಡೆಯುತ್ತದೆ, ಎಂಟು ಪುಟದ ಒಂದೇ ಪುಸ್ತಕ, ಕೆಲವು ರಾತ್ರಿ ಎಂಟೂ ಪುಟ, ಕೆಲವು ರಾತ್ರಿ ಎರಡೇ. ಬಾಗಿಲ ಬಳಿ ಸದ್ದು ಮಾಡಿ ನೋಡಿದೆವು, ತಕ್ಷಣ ತಿರುಗುತ್ತಾಳೆ.

ಆ ಪುಸ್ತಕದ ಐದನೆಯ ಪುಟದಲ್ಲಿ 'ನಕ್ಷತ್ರ' ಎಂಬ ಪದವಿದೆ. ಇಷ್ಟು ದಿನ ಓದಿದರೂ ಅದರ ಮುಂದೆ ನನ್ನ ನಾಲಗೆ ಒಂದು ಕ್ಷಣ ನಿಲ್ಲುತ್ತದೆ. ಮೊನ್ನೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಆಮೇಲೆ ಹೇಳಿದಳು: ಓದುವಷ್ಟು ಹೊತ್ತೂ ಚಿತ್ರವನ್ನೋ ತನ್ನ ಕೈಯನ್ನೋ ನೋಡುತ್ತಿರುವ ಮಗಳು, ನಾನು ಆ ಪದದ ಮುಂದೆ ನಿಂತಾಗ ಮಾತ್ರ ತಲೆಯೆತ್ತಿ ನನ್ನ ಬಾಯಿಯನ್ನು ನೋಡುತ್ತಾಳಂತೆ, 'ನಕ್ಷತ್ರ' ಎಂದು ಹೇಳುವವರೆಗೂ ಕಣ್ಣು ತೆಗೆಯುವುದಿಲ್ಲವಂತೆ. ಮರುದಿನ ನಾನೂ ಗಮನಿಸಿದೆ. ನಿಜ.

ಒಂದು ಸಣ್ಣ ಪ್ರಶ್ನೆ: ಪುಸ್ತಕದ ಮೂಲೆಗಳು ಜಗಿದು ಜಗಿದು ಮೆತ್ತಗಾಗಿವೆ. ಹಾಗೆಯೇ ಬಳಸಬಹುದೇ?

ಉತ್ತರ: ಶಿಶು ವಿಭಾಗದ ಶುಶ್ರೂಷಕಿ

ರಟ್ಟು ಪದರ ಬಿಡತೊಡಗಿದ್ದರೆ ಬೇಡ. ತುಣುಕು ಕಿತ್ತು ಬಂದು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹಳೆಯದನ್ನು ನಿಮ್ಮ ಕೈಯಲ್ಲಿಟ್ಟುಕೊಂಡು ಓದಿ, ಅವಳ ಕೈಗೆ ಅದೇ ಪುಸ್ತಕದ ಹೊಸ ಪ್ರತಿಯನ್ನು ಕೊಡಿ.